ತಾಂತ್ರಿಕ ಬರವಣಿಗೆಯ ತಂಡಕ್ಕೆ ಹೊಂದಿಕೊಳ್ಳುವ ಕೆಲಸದ ಪದ್ಧತಿ ಕಟ್ಟುವುದು ಹೇಗೆ?

ಸಾಫ್ಟ್‌ವೇರ್ ರಿಲೀಸ್‌ಗೆ ಇನ್ನು ಎರಡೇ ದಿನ. ಕೈಪಿಡಿ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಮೆಸೇಜ್ ಬರುತ್ತದೆ: "ಆ ಬಟನ್ ಹೆಸರು 'ಉಳಿಸಿ' ಅಂತ ಇತ್ತಲ್ಲ, ಈಗ ಅದು 'ಅನ್ವಯಿಸಿ' ಆಗಿದೆ." ಆ ಬಟನ್ 14 ಪುಟಗಳಲ್ಲಿದೆ. 9 ಸ್ಕ್ರೀನ್‌ಶಾಟ್‌ಗಳಲ್ಲಿದೆ. ಒಂದು ವಿಡಿಯೊದಲ್ಲೂ ಇದೆ. ತಾಂತ್ರಿಕ ಬರಹಗಾರರಾಗಿ ಕೆಲಸ ಮಾಡಿದವರಿಗೆ ಇಂಥ ಸಂಜೆ ಗೊತ್ತಿರುತ್ತದೆ, ಅಲ್ವಾ?

ಈ ತರಹದ ಪೆಟ್ಟು ಎರಡು ಮೂರು ಸಲ ಬಿದ್ದ ಮೇಲೆ ಕೆಲವು ತಂಡಗಳು ನಿಯಮ ಬಿಗಿ ಮಾಡುತ್ತವೆ. ಇಂಥ ದಿನದ ನಂತರ ಬದಲಾವಣೆ ಇಲ್ಲ. ನಾಲ್ಕು ಜನ ಒಪ್ಪದೆ ಪುಟ ಪ್ರಕಟವಾಗುವಂತಿಲ್ಲ. ಪ್ರತಿ ಕೆಲಸಕ್ಕೂ ಉದ್ದದ ಫಾರ್ಮ್. ಇನ್ನು ಕೆಲವು ತಂಡಗಳು "ಬಂದ ಹಾಗೆ ಮಾಡಿಕೊಂಡು ಹೋಗೋಣ" ಅಂತ ಬಿಟ್ಟುಬಿಡುತ್ತವೆ. ಬಿಗಿ ಮಾಡಿದ ನಿಯಮ ಮೊದಲ ತುರ್ತು ಕೆಲಸಕ್ಕೇ ಮುರಿಯುತ್ತದೆ. ಬಂದ ಹಾಗೆ ಮಾಡುವ ಕಡೆ ಬರಹಗಾರರು ಸುಸ್ತಾಗಿ ಹೋಗುತ್ತಾರೆ.

ಮೂರು ನಾಲ್ಕು ವಿಷಯಗಳನ್ನು ಗಟ್ಟಿಯಾಗಿ ಹಿಡಿದು ಉಳಿದದ್ದನ್ನು ಸಡಿಲ ಬಿಡುವುದನ್ನೇ ನಾನು ಹೊಂದಿಕೊಳ್ಳುವ ಪದ್ಧತಿ ಅನ್ನುತ್ತೇನೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ತಿಳಿಯಲು ಕೆಲಸ ಎಲ್ಲಿ ನಿಂತಿದೆ ಅಂತ ಮೊದಲು ನೋಡಬೇಕು. ನಾನು ನೋಡಿದ ತಂಡಗಳಲ್ಲೆಲ್ಲ ಬರೆಯಲು ಹಿಡಿದ ಸಮಯಕ್ಕಿಂತ ಕಾಯಲು ಹಿಡಿದ ಸಮಯವೇ ಜಾಸ್ತಿ. ಅದಕ್ಕೇ ಈ ಮಾರ್ಗದರ್ಶಿಯ ಹೆಚ್ಚಿನ ಹೆಜ್ಜೆಗಳು ಕಾಯುವುದನ್ನು ಕಡಿಮೆ ಮಾಡುವುದರ ಸುತ್ತಲೇ ಇವೆ.

ಶುರು ಮಾಡುವ ಮುಂಚೆ ಒಂದು ತಪ್ಪು ತಿಳಿವಳಿಕೆ ಸರಿಪಡಿಸಿಕೊಳ್ಳೋಣ. ಸಾಫ್ಟ್‌ವೇರನ್ನು ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಕಟ್ಟುತ್ತ, ಬದಲಾವಣೆಗೆ ಹೊಂದಿಕೊಳ್ಳುತ್ತ ಹೋಗುವ ರೀತಿಗೆ ಅಜೈಲ್ ಅನ್ನುತ್ತಾರೆ. 2001ರಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರಲ್ಲಿ ಸಮಗ್ರ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಬೆಲೆ ಜಾಸ್ತಿ ಅನ್ನುವ ಸಾಲಿದೆ. ಇದನ್ನು ಹಿಡಿದುಕೊಂಡು "ಅಜೈಲ್‌ನಲ್ಲಿ ಡಾಕ್ಯುಮೆಂಟೇಷನ್ ಬೇಡ" ಅನ್ನುವವರು ಈಗಲೂ ಸಿಗುತ್ತಾರೆ. ಅದೇ ಪ್ರಣಾಳಿಕೆಯ ಕೊನೆಯಲ್ಲಿ, ಹಿಂದೆ ಸರಿಸಿದ ವಿಷಯಗಳಿಗೂ ಬೆಲೆ ಇದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಬಳಕೆದಾರ ಓದುವ ಕೈಪಿಡಿ ಉತ್ಪನ್ನದ್ದೇ ಒಂದು ಭಾಗ ಅಂತ ನಾನು ನಂಬಿದ್ದೇನೆ. ಅಜೈಲ್ ರೀತಿಯಲ್ಲಿ ಕೆಲಸ ಮಾಡುವಾಗ ಬಳಕೆದಾರರ ಮಾಹಿತಿ ಹೇಗೆ ತಯಾರಿಸಬೇಕು ಅಂತ ಹೇಳುವ ಅಂತರರಾಷ್ಟ್ರೀಯ ಮಾನದಂಡವೇ ಇದೆ: ಐಎಸ್‌ಒ/ಐಇಸಿ/ಐಇಇಇ 26515. ಮ್ಯಾನೇಜರ್ ಜೊತೆ ವಾದ ಬಂದರೆ ಈ ಸಂಖ್ಯೆ ನೆನಪಿರಲಿ.

ಹೆಜ್ಜೆ 1: ಮುಗಿದ ಐದು ಪುಟಗಳ ದಿನಚರಿ ಬರೆಯಿರಿ

ಹೊಸ ಟೂಲ್ ಬೇಡ, ಹೊಸ ಸಭೆ ಬೇಡ. ಇತ್ತೀಚೆಗೆ ಪ್ರಕಟವಾದ ಐದು ಪುಟಗಳನ್ನು ಆರಿಸಿಕೊಳ್ಳಿ. ಒಂದೊಂದಕ್ಕೂ ಐದು ದಿನಾಂಕ ಹುಡುಕಿ: ಕೆಲಸ ಬಂದದ್ದು ಯಾವಾಗ, ಬರೆಯಲು ಶುರು ಮಾಡಿದ್ದು ಯಾವಾಗ, ರಿವ್ಯೂಗೆ ಕಳಿಸಿದ್ದು ಯಾವಾಗ, ರಿವ್ಯೂ ವಾಪಸ್ ಬಂದದ್ದು ಯಾವಾಗ, ಪ್ರಕಟವಾದದ್ದು ಯಾವಾಗ. ಮೇಲ್, ಟಿಕೆಟ್ (ಕೆಲಸ ದಾಖಲಿಸುವ ನಮೂದು), ಚಾಟ್ ಕೆದಕಿದರೆ ಸಿಗುತ್ತವೆ. ಪಕ್ಕದಲ್ಲಿ ಅಂದಾಜಿಗೆ ಎಷ್ಟು ಗಂಟೆ ನಿಜವಾಗಿ ಬರೆದಿರಿ ಅಂತ ಹಾಕಿ.

ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಒಂದು ಪುಟ ಕಣ್ಣು ತೆರೆಸಿತು. ಎಪಿಐ ಕೀ (ಒಂದು ಪ್ರೋಗ್ರಾಂ ಇನ್ನೊಂದನ್ನು ಬಳಸಲು ಕೊಡುವ ಗುಪ್ತ ಸಂಕೇತ) ಬದಲಾಯಿಸುವುದು ಹೇಗೆ ಅನ್ನುವ ಚಿಕ್ಕ ಪುಟ ಅದು. ಬರೆಯಲು ಹಿಡಿದದ್ದು 6 ಗಂಟೆ, ಎರಡು ದಿನಗಳಲ್ಲಿ ಹಂಚಿಹೋಗಿತ್ತು. ಕೆಲಸ ಬಂದ ದಿನದಿಂದ ಪ್ರಕಟವಾಗುವವರೆಗೆ 19 ಕೆಲಸದ ದಿನ. ಟೆಸ್ಟ್ ಖಾತೆಗೆ ಪ್ರವೇಶ ಸಿಗಲು 4 ದಿನ. ಮೊದಲ ರಿವ್ಯೂಗೆ 9 ದಿನ. ತಿದ್ದಿ ಕಳಿಸಿದ ಮೇಲೆ ಎರಡನೇ ರಿವ್ಯೂಗೆ 4 ದಿನ. ಯಾರೂ ಸೋಮಾರಿಗಳಾಗಿರಲಿಲ್ಲ. ಇಂಜಿನಿಯರ್‌ಗೆ ಅವರದ್ದೇ ರಿಲೀಸ್ ಇತ್ತು, ನಮ್ಮ ಮೇಲ್ ಕೆಳಗೆ ಹೋಗಿತ್ತು, ಅಷ್ಟೇ.

ಅಲ್ಲಿಯವರೆಗೆ ನಾವು "ಬೇಗ ಬರೆಯುವುದು ಹೇಗೆ" ಅಂತ ಟೆಂಪ್ಲೇಟ್ ಮೇಲೆ ಟೆಂಪ್ಲೇಟ್ ಮಾಡುತ್ತಿದ್ದೆವು. 6 ಗಂಟೆಯನ್ನು 4 ಗಂಟೆ ಮಾಡಿದರೂ ಆ ಪುಟ 19ನೇ ದಿನವೇ ಹೊರಬರುತ್ತಿತ್ತು. ಈ ಲೆಕ್ಕದ ಹಾಳೆ ಜೋಪಾನವಾಗಿಡಿ. ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಕೆಲಸವೆಲ್ಲ ಒಂದೇ ಬೋರ್ಡ್ ಮೇಲೆ ಬರಲಿ, ಕಾಯುವುದೂ ಕಾಣಲಿ

ಬರಹಗಾರರ ಹತ್ತಿರ ಕೆಲಸ ಎಲ್ಲ ಕಡೆಯಿಂದ ಬರುತ್ತದೆ. ಟಿಕೆಟ್‌ನಲ್ಲಿ ಅರ್ಧ, ಚಾಟ್‌ನಲ್ಲಿ ಕಾಲು, ಕಾರಿಡಾರ್‌ನಲ್ಲಿ ಸಿಕ್ಕವರು ಹೇಳಿದ್ದು ಇನ್ನು ಕಾಲು. ಮೊದಲ ಗಟ್ಟಿ ನಿಯಮ ಇದು: ಬೋರ್ಡ್ ಮೇಲೆ ಕಾರ್ಡ್ ಇಲ್ಲದ ಕೆಲಸ, ಕೆಲಸ ಅಲ್ಲ. ಐದು ನಿಮಿಷದ ತಿದ್ದುಪಡಿಗೆ ವಿನಾಯಿತಿ ಕೊಡಿ. ಉಳಿದದ್ದಕ್ಕೆ ಬೇಡ.

ಇಂಥ ಬೋರ್ಡ್‌ಗೆ ಕಾನ್ಬನ್ ಬೋರ್ಡ್ ಅನ್ನುತ್ತಾರೆ. ಕಾನ್ಬನ್ ಅನ್ನುವ ಪದ ಜಪಾನಿನದು. ಫಲಕ, ಸೂಚನಾ ಚೀಟಿ ಅಂತ ಅರ್ಥ. ಟೊಯೊಟಾ ಕಾರ್ಖಾನೆಗಳಲ್ಲಿ ಯಾವ ಬಿಡಿಭಾಗ ಯಾವಾಗ ಬೇಕು ಅಂತ ತಿಳಿಸಲು ಬಳಸಿದ ಚೀಟಿ ಪದ್ಧತಿಯಿಂದ ಬಂದದ್ದು. ನಮಗೆ ಬೇಕಾದದ್ದು ಅದರ ಮೂಲ ಗುಣ: ಕೆಲಸ ಎಲ್ಲಿದೆ ಅಂತ ಕೇಳದೆ ಕಾಣಬೇಕು.

"ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು" ಅನ್ನುವ ಮೂರು ಕಾಲಂ ನಮ್ಮ ಕೆಲಸಕ್ಕೆ ಸಾಲದು. ರಿವ್ಯೂಗೆ ಕಾಯುತ್ತಿರುವ ಪುಟವೂ "ಮಾಡುತ್ತಿದ್ದೇವೆ" ಕಾಲಂನಲ್ಲೇ ಕೂತು ಬರಹಗಾರರೇ ತಡ ಮಾಡುತ್ತಿದ್ದಾರೆ ಅನ್ನುವಂತೆ ಕಾಣುತ್ತದೆ. ನಾವು ಹೀಗೆ ಇಟ್ಟುಕೊಂಡೆವು: ಬಂದದ್ದು, ಬರೆಯಲು ಬೇಕಾದ್ದೆಲ್ಲ ಸಿಕ್ಕಿದೆ, ಬರೆಯುತ್ತಿದ್ದೇವೆ, ರಿವ್ಯೂಗೆ ಕಾಯುತ್ತಿದೆ, ತಿದ್ದುತ್ತಿದ್ದೇವೆ, ಪ್ರಕಟ. ಕಾಯುವ ಕಾಲಂನಲ್ಲಿರುವ ಪ್ರತಿ ಕಾರ್ಡ್ ಮೇಲೆ ಎರಡು ವಿಷಯ ಇರಲೇಬೇಕು: ಯಾರಿಗಾಗಿ ಕಾಯುತ್ತಿದ್ದೇವೆ, ಯಾವ ದಿನದಿಂದ.

"ಬೇಕಾದ್ದೆಲ್ಲ ಸಿಕ್ಕಿದೆ" ಅನ್ನುವ ಎರಡನೇ ಕಾಲಂ ಬಗ್ಗೆ ಸ್ವಲ್ಪ ಹೇಳಬೇಕು. ಕೆಲಸ ಅಲ್ಲಿಗೆ ಬರಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಇರಬೇಕು. ಯಾರು ಓದುತ್ತಾರೆ, ಓದಿ ಏನು ಮಾಡಬೇಕು? ನಾನು ಕೈಯಾರೆ ಮಾಡಿ ನೋಡಲು ಜಾಗ ಇದೆಯೇ? ಸಂಶಯ ಬಂದರೆ ಯಾರನ್ನು ಕೇಳಬೇಕು, ಅವರಿಲ್ಲದಿದ್ದರೆ ಇನ್ಯಾರು? ಇಷ್ಟಿಲ್ಲದೆ ಬರೆಯಲು ಕೂತರೆ ಅರ್ಧಕ್ಕೆ ನಿಲ್ಲುವುದು ಖಂಡಿತ. ನಮ್ಮ ಎಪಿಐ ಕೀ ಪುಟ ಮೊದಲ 4 ದಿನ ನಿಂತದ್ದು ಇಲ್ಲೇ.

ಹೆಜ್ಜೆ 3: ಒಮ್ಮೆಗೆ ಕೈಯಲ್ಲಿ ಎಷ್ಟು ಕೆಲಸ ಅಂತ ಮಿತಿ ಹಾಕಿ

ಇದು ಎರಡನೇ ಗಟ್ಟಿ ನಿಯಮ. ಜನ ಇದಕ್ಕೇ ಜಾಸ್ತಿ ಅಡ್ಡ ಬರುತ್ತಾರೆ. ಅದಕ್ಕೆ ಲೆಕ್ಕ ಸಮೇತ ಹೇಳುತ್ತೇನೆ.

ಸರತಿ ಸಾಲುಗಳ ಗಣಿತದಲ್ಲಿ ಲಿಟ್ಲ್ ನಿಯಮ ಅಂತ ಒಂದಿದೆ. ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೈಯಲ್ಲಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿ. ಒಂದು ಕೆಲಸ ಮುಗಿಯಲು ಸರಾಸರಿ ಎಷ್ಟು ವಾರ ಬೇಕು ಅಂತ ಸಿಗುತ್ತದೆ. ತಂಡದ ಕೈಯಲ್ಲಿ 12 ಪುಟ ಇವೆ, ವಾರಕ್ಕೆ 3 ಮುಗಿಯುತ್ತವೆ ಅಂದುಕೊಳ್ಳಿ. ಒಂದೊಂದು ಪುಟಕ್ಕೆ ಸರಾಸರಿ 4 ವಾರ. ಕೈಯಲ್ಲಿರುವುದನ್ನು 6ಕ್ಕೆ ಇಳಿಸಿ, ವಾರಕ್ಕೆ 3 ಮುಗಿಸುವುದನ್ನು ಹಾಗೇ ಉಳಿಸಿಕೊಂಡರೆ 2 ವಾರ. ಯಾರೂ ಜೋರಾಗಿ ಟೈಪ್ ಮಾಡಲಿಲ್ಲ, ಯಾರೂ ರಾತ್ರಿ ಕೂರಲಿಲ್ಲ.

ಶುರುವಿಗೆ ಒಬ್ಬ ಬರಹಗಾರರಿಗೆ ಬರೆಯುತ್ತಿರುವುದು ಎರಡು, ರಿವ್ಯೂಗೆ ಕಾಯುತ್ತಿರುವುದು ಎರಡು ಅಂತ ಮಿತಿ ಇಡಿ. ಈ ಸಂಖ್ಯೆ ನಿಮ್ಮ ತಂಡಕ್ಕೆ ಸರಿಹೋಗದೆ ಇರಬಹುದು, ಬದಲಾಯಿಸಿಕೊಳ್ಳಿ. ಮಿತಿ ಇರುವುದು ಮಾತ್ರ ಬದಲಾಗದಿರಲಿ.

ನಿಜವಾದ ಪರೀಕ್ಷೆ ಮಿತಿ ತುಂಬಿದ ದಿನ ಬರುತ್ತದೆ. ರಿವ್ಯೂ ಬಂದಿಲ್ಲ, ಕೈ ಖಾಲಿ ಇದೆ, ಹೊಸ ಪುಟ ಶುರು ಮಾಡಿಬಿಡೋಣ ಅನಿಸುತ್ತದೆ. ಮಾಡಬೇಡಿ. ಆ ಸಮಯದಲ್ಲಿ ಕಾಯುತ್ತಿರುವ ಪುಟವನ್ನು ಮುಂದೆ ತಳ್ಳುವ ಕೆಲಸ ಮಾಡಿ. ರಿವ್ಯೂ ಮಾಡುವವರ ಹತ್ತಿರ ಹೋಗಿ 10 ನಿಮಿಷ ಕೂತು ಕೇಳಿ. ಸಹೋದ್ಯೋಗಿಯ ಡ್ರಾಫ್ಟ್ ಓದಿ. ಹಳೆಯ ಪುಟವೊಂದರ ಹೆಜ್ಜೆಗಳನ್ನು ಈಗಿನ ಆವೃತ್ತಿಯಲ್ಲಿ ಮಾಡಿ ನೋಡಿ. ಇದನ್ನು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು. ಖಾಲಿ ಕೂತಂತೆ ಕಾಣುವ ಭಯ ನಮ್ಮಲ್ಲಿ ಅಷ್ಟು ಆಳವಾಗಿದೆ.

ಹೆಜ್ಜೆ 4: ಸ್ಪ್ರಿಂಟ್ ಜೊತೆ ಎಷ್ಟು ಕಟ್ಟಿಕೊಳ್ಳಬೇಕು ಅಂತ ತೀರ್ಮಾನಿಸಿ

ಉತ್ಪನ್ನ ಕಟ್ಟುವ ತಂಡ ಸ್ಕ್ರಮ್ ಅನ್ನುವ ಅಜೈಲ್ ಪದ್ಧತಿ ಅನುಸರಿಸುತ್ತಿದ್ದರೆ ಅವರ ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಒಂದು ತಿಂಗಳು ಮೀರುವಂತಿಲ್ಲ. ಎಷ್ಟೋ ಕಡೆ ಅದು ಎರಡು ವಾರ. ಬರಹಗಾರರು ಅದೇ ಸ್ಪ್ರಿಂಟ್‌ನಲ್ಲಿ ಮುಗಿಸಬೇಕು ಅಂದರೆ ತೊಂದರೆ ಇದೆ. ಕೋಡ್ ಕೊನೆಯ ದಿನ ಮುಗಿದರೆ ಬರೆಯಲು ಸಮಯ ಎಲ್ಲಿ? ಒಂದು ಸ್ಪ್ರಿಂಟ್ ಹಿಂದೆ ಇರೋಣ ಅಂದರೆ ಫೀಚರ್ ಹೊರಗೆ ಹೋದಾಗ ಪುಟ ಇರುವುದಿಲ್ಲ. ಇಂಜಿನಿಯರ್ ಆ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಹಳೆಯದನ್ನು ಮರೆತಿರುತ್ತಾರೆ.

ನಾನು ನಡುವಿನ ದಾರಿ ಹಿಡಿಯುತ್ತೇನೆ. ಮಾಹಿತಿ ಕೇಳುವುದು ಮತ್ತು ಪುಟದ ಅಸ್ಥಿಪಂಜರ ಹಾಕುವುದು ಅವರ ಸ್ಪ್ರಿಂಟ್‌ನಲ್ಲೇ ಆಗಲಿ. ಶೀರ್ಷಿಕೆ, ಹೆಜ್ಜೆಗಳ ಹೆಸರು, ಗೊತ್ತಿಲ್ಲದ ಕಡೆ ಪ್ರಶ್ನೆ, ಇಷ್ಟು ಸಾಕು. ಪೂರ್ತಿ ಬರೆದು ಪ್ರಕಟಿಸುವುದು ನಮ್ಮ ಬೋರ್ಡ್‌ನ ಓಟದಲ್ಲಿ ಆಗಲಿ. ಆದರೆ ಬಳಕೆದಾರರ ಕೈಗೆ ಫೀಚರ್ ಸಿಗುವ ದಿನ ಪುಟ ಇರಲೇಬೇಕು. ಸ್ಪ್ರಿಂಟ್ ಮುಗಿಯುವ ದಿನವೂ ರಿಲೀಸ್ ದಿನವೂ ಬಹಳ ಕಡೆ ಬೇರೆ ಬೇರೆ. ಆ ಅಂತರವೇ ನಮಗೆ ಉಸಿರಾಡುವ ಜಾಗ.

ಒಬ್ಬ ಬರಹಗಾರರಿಗೆ ನಾಲ್ಕೈದು ಇಂಜಿನಿಯರಿಂಗ್ ತಂಡ ಅಂಟಿಕೊಂಡಿದ್ದರೆ ಎಲ್ಲರ ದಿನದ ಸಭೆಗೂ ಹೋಗುವುದು ಸಾಧ್ಯವಿಲ್ಲ. ಹೋಗಲೂಬೇಡಿ. ಪ್ಲಾನಿಂಗ್ ಮತ್ತು ಡೆಮೊ, ಈ ಎರಡನ್ನು ಮಾತ್ರ ತಪ್ಪಿಸಬೇಡಿ. ಪ್ಲಾನಿಂಗ್‌ನಲ್ಲಿ ಏನು ಬರುತ್ತಿದೆ ಅಂತ ಗೊತ್ತಾಗುತ್ತದೆ. ಡೆಮೊದಲ್ಲಿ ನಿಜವಾಗಿ ಏನು ಬಂತು ಅಂತ ಗೊತ್ತಾಗುತ್ತದೆ. ಜೊತೆಗೆ ಅವರ ಟಿಕೆಟ್‌ಗೆ ಒಂದೇ ಒಂದು ಸಾಲು ಸೇರಿಸಲು ಕೇಳಿ: "ಬಳಕೆದಾರರಿಗೆ ಕಾಣುವ ಬದಲಾವಣೆ ಇದೆಯೇ? ಹೌದು ಅಥವಾ ಇಲ್ಲ." ಮೊದಲ ಪ್ಯಾರಾದ ಬಟನ್ ಹೆಸರು ಈ ಸಾಲಿದ್ದಿದ್ದರೆ ಒಂದು ವಾರ ಮುಂಚೆಯೇ ನಮ್ಮ ಕಿವಿಗೆ ಬೀಳುತ್ತಿತ್ತು.

ಹೆಜ್ಜೆ 5: ಕೈಪಿಡಿಯನ್ನು ಚಿಕ್ಕ ತುಂಡುಗಳಾಗಿ ಒಡೆಯಿರಿ

80 ಪುಟದ ಒಂದೇ ಫೈಲ್ ಇಟ್ಟುಕೊಂಡು ಯಾವ ಪದ್ಧತಿ ತಂದರೂ ಅದು ಬಾಗುವುದಿಲ್ಲ. ಒಬ್ಬರು ತೆರೆದರೆ ಇನ್ನೊಬ್ಬರು ಕಾಯಬೇಕು. ಒಂದು ಅಧ್ಯಾಯ ತಡವಾದರೆ ಪೂರ್ತಿ ಪುಸ್ತಕ ತಡ.

ಒಡೆಯಲು ಸಿದ್ಧ ದಾರಿಗಳಿವೆ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಸಿಸ್ ಸಂಸ್ಥೆಯ ಮಾನದಂಡವಾದ ಡಿಟಾ (ಎಕ್ಸ್‌ಎಂಎಲ್ ಅನ್ನುವ ಗುರುತು ಭಾಷೆಯಲ್ಲಿ ಬರೆಯುವ ಪದ್ಧತಿ), ಬರಹವನ್ನು ಪರಿಕಲ್ಪನೆ, ಕಾರ್ಯ, ಉಲ್ಲೇಖ ಅಂತ ವಿಂಗಡಿಸುತ್ತದೆ. ಡ್ಯಾನಿಯೆಲೆ ಪ್ರೊಚಿಡಾ ರೂಪಿಸಿದ ಡಯಾಟ್ಯಾಕ್ಸಿಸ್ ನಾಲ್ಕು ಬಗೆ ಹೇಳುತ್ತದೆ: ಕಲಿಸುವ ಪಾಠ, ಕೆಲಸ ಮಾಡಿಸುವ ಹೆಜ್ಜೆಗಳು, ಉಲ್ಲೇಖ, ವಿವರಣೆ. ಹೊಸ ತಂಡಕ್ಕೆ ನಾನು ಡಯಾಟ್ಯಾಕ್ಸಿಸನ್ನೇ ಸೂಚಿಸುತ್ತೇನೆ. ಟೂಲ್ ಕೊಳ್ಳದೆ, ಎಕ್ಸ್‌ಎಂಎಲ್ ಕಲಿಯದೆ ನಾಳೆಯೇ ಶುರು ಮಾಡಬಹುದು. ಒಂದು ಪುಟ ಒಂದೇ ಬಗೆಯ ಕೆಲಸ ಮಾಡಲಿ ಅನ್ನುವುದೇ ಅದರ ತಿರುಳು.

ಇದರಿಂದ ಬದಲಾವಣೆ ಹರಡುವ ಜಾಗ ಚಿಕ್ಕದಾಗುತ್ತದೆ. ಉದಾಹರಣೆಗೆ, ಸಾಫ್ಟ್‌ವೇರ್ ಕಾಯುವ ಮಿತಿ 30 ಸೆಕೆಂಡ್‌ನಿಂದ 60 ಸೆಕೆಂಡ್ ಆದರೆ ಉಲ್ಲೇಖ ಪುಟದಲ್ಲಿ ಒಂದು ಸಾಲು ಬದಲಾಗುತ್ತದೆ, ಅಷ್ಟೇ. ಯಾಕೆಂದರೆ ಬೇರೆ ಪುಟಗಳು ಆ ಸಂಖ್ಯೆಯನ್ನು ಹೇಳದೆ ಉಲ್ಲೇಖ ಪುಟಕ್ಕೆ ಕೊಂಡಿ ಕೊಟ್ಟಿರುತ್ತವೆ. ಬಟನ್, ಮೆನು, ಉತ್ಪನ್ನದ ಹೆಸರುಗಳನ್ನು ವೇರಿಯಬಲ್ ಮಾಡಿ (ಪುಟಗಳಲ್ಲಿ ಹೆಸರಿನ ಬದಲು ಅದನ್ನು ಸೂಚಿಸುವ ಗುರುತು ಹಾಕಿ) ಒಂದೇ ಫೈಲ್‌ನಲ್ಲಿಡಿ. ಆಮೇಲೆ 14 ಪುಟದ ಬದಲಾವಣೆ ಒಂದು ಸಾಲಿನದಾಗುತ್ತದೆ. ಸ್ಕ್ರೀನ್‌ಶಾಟ್‌ಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ: ಈ ಚಿತ್ರ ಇಲ್ಲದಿದ್ದರೆ ಓದುಗ ದಾರಿ ತಪ್ಪುತ್ತಾನೆಯೇ? ತಪ್ಪದಿದ್ದರೆ ಚಿತ್ರ ಬೇಡ. ಒಂದೊಂದು ಚಿತ್ರವೂ ಮುಂದೆ ಎಂದೋ ಒಂದು ದಿನ ಮತ್ತೆ ತೆಗೆಯಬೇಕಾದ ಚಿತ್ರ.

ವಾಕ್ಯ ವಾಕ್ಯವನ್ನೂ ಮರುಬಳಕೆಯ ತುಂಡು ಮಾಡಲು ಹೋಗಬೇಡಿ. ಒಂದು ಎಚ್ಚರಿಕೆ, ಒಂದು ಲಾಗಿನ್ ವಿಧಾನ, ಹೀಗೆ ಅರ್ಥ ಪೂರ್ತಿ ಇರುವ ತುಂಡಷ್ಟೇ ಸಾಕು.

ಹೆಜ್ಜೆ 6: "ಇಷ್ಟಾದರೆ ಸಾಕು" ಅನ್ನುವ ಗೆರೆ ಎಳೆಯಿರಿ, ಅಪಾಯ ನೋಡಿ ಎತ್ತರ ಬದಲಿಸಿ

ಬರಹಗಾರರಲ್ಲಿ ಹೆಚ್ಚಿನವರಿಗೆ ಪುಟ ಪೂರ್ತಿ ಚೆನ್ನಾಗಿ ಆಗುವವರೆಗೆ ಬಿಡಲು ಮನಸ್ಸಾಗುವುದಿಲ್ಲ. ನನಗೂ ಹಾಗೇ. ಆದರೆ ರಿಲೀಸ್ ದಿನ ಬಳಕೆದಾರನಿಗೆ ಬೇಕಾದದ್ದು ನಾಲ್ಕೇ ಸಂಗತಿ: ಇದು ಏನು, ಶುರು ಮಾಡುವುದು ಹೇಗೆ, ಇದು ಏನು ಮಾಡಲಾರದು, ಮೊದಲಿದ್ದ ಯಾವುದು ಈಗ ಕೆಲಸ ಮಾಡುವುದಿಲ್ಲ. ಈ ನಾಲ್ಕೂ ಸರಿಯಾಗಿದ್ದರೆ ಪ್ರಕಟಿಸಿ. ಉಳಿದ ಉದಾಹರಣೆ, ಚಿತ್ರ, ಒಳವಿವರಗಳಿಗೆ ಹೊಸ ಕಾರ್ಡ್ ಹಾಕಿ, ಪ್ರಕಟಿಸುವ ದಿನವೇ ಹಾಕಿ. "ಆಮೇಲೆ ಹಾಕೋಣ" ಅಂದದ್ದು ಬೋರ್ಡ್ ಮೇಲೆ ಬರುವುದೇ ಇಲ್ಲ.

ಹಾಗಂತ ಎಲ್ಲ ಪುಟಕ್ಕೂ ಒಂದೇ ತಪಾಸಣೆ ಬೇಡ. ನಾವು ಮೂರು ಮಟ್ಟ ಮಾಡಿಕೊಂಡೆವು. ಕಾಗುಣಿತ, ಮುರಿದ ಕೊಂಡಿ, ವಾಕ್ಯ ಸರಳ ಮಾಡಿದ್ದು, ಇವನ್ನು ಬರಹಗಾರರೇ ಯಾರನ್ನೂ ಕೇಳದೆ ಪ್ರಕಟಿಸಬಹುದು. ಸಾಮಾನ್ಯ ಫೀಚರ್ ಪುಟಕ್ಕೆ ವಿಷಯ ಗೊತ್ತಿರುವ ಒಬ್ಬರು ಮತ್ತು ಇನ್ನೊಬ್ಬ ಬರಹಗಾರರು ನೋಡಬೇಕು. ಡೇಟಾ ಅಳಿಸುವುದು, ಬ್ಯಾಕಪ್, ಭದ್ರತೆ, ಹಣ ಪಾವತಿ, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವುದು, ಇವುಗಳ ಪುಟವನ್ನು ಆ ಕೋಡ್ ಬರೆದವರೇ ಓದಬೇಕು. ಜೊತೆಗೆ ಪುಟ ಬರೆಯದ ಇನ್ನೊಬ್ಬರು ಹೆಜ್ಜೆಗಳನ್ನು ಓದಿ ಓದಿ ಕೈಯಾರೆ ಮಾಡಿ ನೋಡಬೇಕು.

ಮೊದಲ ಎರಡು ಮಟ್ಟದಲ್ಲಿ ಎಷ್ಟು ಬೇಕಾದರೂ ಸಡಿಲ ಮಾಡಿ. ಮೂರನೇ ಮಟ್ಟ ಮೂರನೇ ಗಟ್ಟಿ ನಿಯಮ. ರಿಲೀಸ್ ನಾಳೆ ಇದ್ದರೂ ಅಲ್ಲಿ ಹೆಜ್ಜೆ ಹಾರಿಸುವಂತಿಲ್ಲ. ತಪ್ಪು ಕ್ರಮದಲ್ಲಿ ಬರೆದ ಎರಡು ಸಾಲು ಯಾರದೋ ಡೇಟಾ ಅಳಿಸಿಹಾಕಬಹುದು. ಅದನ್ನು ಕ್ಷಮೆ ಕೇಳಿ ಸರಿಪಡಿಸಲು ಆಗುವುದಿಲ್ಲ.

ಹೆಜ್ಜೆ 7: ರಿವ್ಯೂ ಕೇಳುವ ರೀತಿ ಬದಲಿಸಿ

ನನ್ನ ಪ್ರಕಾರ ಇಡೀ ಪದ್ಧತಿಯ ಜೀವ ಇಲ್ಲಿದೆ. ಉಳಿದದ್ದೇನೂ ಮಾಡದೆ ಇದೊಂದನ್ನೇ ಮಾಡಿದರೂ ಪುಟಗಳು ಬೇಗ ಹೊರಬರುತ್ತವೆ.

ನಾವು ಮೊದಲು ಕಳಿಸುತ್ತಿದ್ದ ಮೇಲ್ ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ಬ್ಯಾಕಪ್ ಕೈಪಿಡಿಯ ಡ್ರಾಫ್ಟ್ ಲಗತ್ತಿಸಿದ್ದೇನೆ. ದಯವಿಟ್ಟು ನೋಡಿ ಅಭಿಪ್ರಾಯ ತಿಳಿಸಿ."

ಆರು ಜನಕ್ಕೆ ಹೋಯಿತು. ಆರೂ ಜನ ಉಳಿದ ಐದು ಜನ ನೋಡುತ್ತಾರೆ ಅಂದುಕೊಂಡರು. ಅಭಿಪ್ರಾಯ ಅಂದರೆ ಏನು ಹೇಳಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು ಮಾತ್ರ ಒಂದು ಅಲ್ಪವಿರಾಮ ತಿದ್ದಿ ಕಳಿಸಿದರು. ಈಗ ನಾವು ಒಬ್ಬರಿಗೇ, ಹೀಗೆ ಕಳಿಸುತ್ತೇವೆ:

"ಬ್ಯಾಕಪ್ ಮರಳಿ ತರುವ ಪುಟ ಸಿದ್ಧವಾಗಿದೆ. ಹೆಜ್ಜೆ 1ರಿಂದ 5ನ್ನು ಟೆಸ್ಟ್ ಸರ್ವರ್‌ನಲ್ಲಿ ನಾನೇ ಮಾಡಿ ನೋಡಿದ್ದೇನೆ, ಸರಿ ಇವೆ. ನಿಮ್ಮಿಂದ ಎರಡು ಉತ್ತರ ಬೇಕು. ಒಂದು, ಹೆಜ್ಜೆ 6ರಲ್ಲಿ ಸರ್ವರ್ ನಿಲ್ಲಿಸದೆ ಮುಂದುವರಿದರೆ ಡೇಟಾ ಹಾಳಾಗುತ್ತದೆಯೇ, ಅಥವಾ ಬರೀ ಎರರ್ ಬರುತ್ತದೆಯೇ? ಎರಡು, ಕಾಯುವ ಮಿತಿ 30 ಸೆಕೆಂಡ್ ಅನ್ನುವುದು ಹೊಸ ಆವೃತ್ತಿಯಲ್ಲೂ ಹಾಗೇ ಇದೆಯೇ? 10 ನಿಮಿಷದ ಕೆಲಸ. ಗುರುವಾರ ಮಧ್ಯಾಹ್ನದೊಳಗೆ ಹೇಳಿದರೆ ಶುಕ್ರವಾರದ ರಿಲೀಸ್‌ಗೆ ಸೇರುತ್ತದೆ. ನಿಮಗೆ ಬಿಡುವಿಲ್ಲದಿದ್ದರೆ ಯಾರನ್ನು ಕೇಳಲಿ ಅಂತ ತಿಳಿಸಿ."

ಇಂಥ ಮೇಲ್‌ಗೆ ಎಷ್ಟೋ ಸಲ ಅದೇ ದಿನ ಉತ್ತರ ಬರುತ್ತದೆ. ಇಂಜಿನಿಯರ್‌ಗೆ 12 ಪುಟ ಓದುವ ಭಾರ ಇಲ್ಲ. ತಮಗೆ ಮಾತ್ರ ಗೊತ್ತಿರುವ ವಿಷಯ ಕೇಳಿದ್ದಾರೆ ಅನ್ನುವುದು ಕಾಣುತ್ತದೆ. ಬರಹಗಾರರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ ಅನ್ನುವುದೂ ಕಾಣುತ್ತದೆ.

ವಿಷಯ ಸರಿಯಿದೆಯೇ ಅನ್ನುವ ತಪಾಸಣೆಯನ್ನೂ ಭಾಷೆ ಸರಿಯಿದೆಯೇ ಅನ್ನುವ ತಪಾಸಣೆಯನ್ನೂ ಬೇರೆ ಬೇರೆ ಮಾಡಿ. ಇಂಜಿನಿಯರ್‌ಗೆ ಅಲ್ಪವಿರಾಮದ ಚಿಂತೆ ಬೇಡ ಅಂತ ಬಾಯಿಬಿಟ್ಟು ಹೇಳಿ. ಟಿಪ್ಪಣಿಗಳಿಗೆ "ಬದಲಾಯಿಸಲೇಬೇಕು", "ಬೇಕಿದ್ದರೆ ಬದಲಾಯಿಸಿ" ಅಂತ ಎರಡೇ ಗುರುತು ಇರಲಿ. ಎರಡನೇ ಗುರುತಿನದನ್ನು ಒಪ್ಪುವುದೂ ಬಿಡುವುದೂ ಬರಹಗಾರರ ತೀರ್ಮಾನ. ಎರಡನೇ ಸುತ್ತಿನ ರಿವ್ಯೂ ಬೇಕಾಗುವುದು "ಬದಲಾಯಿಸಲೇಬೇಕು" ಇದ್ದಾಗ ಮಾತ್ರ.

ಉತ್ತರ ಬರದೇ ಹೋದರೆ? ಇದನ್ನು ಮೊದಲೇ ಎಲ್ಲರ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಿ. ಸಾಮಾನ್ಯ ಪುಟವಾದರೆ ಮೂರು ಕೆಲಸದ ದಿನ ಕಾಯುತ್ತೇವೆ, ಒಂದು ಸಲ ನೆನಪಿಸುತ್ತೇವೆ, ಆಮೇಲೆ ನಾವು ಮಾಡಿ ನೋಡಿದ ಆಧಾರದ ಮೇಲೆ ಪ್ರಕಟಿಸುತ್ತೇವೆ. ಅಪಾಯದ ಪುಟವಾದರೆ ಮೌನವನ್ನು ಒಪ್ಪಿಗೆ ಅಂತ ತಿಳಿಯುವಂತಿಲ್ಲ. ಅಲ್ಲಿ ಅವರ ಮ್ಯಾನೇಜರ್ ಜೊತೆ ಮಾತಾಡಬೇಕು. ಒಪ್ಪಂದ ಲಿಖಿತವಾಗಿದ್ದರೆ ಹಾಗೆ ಮಾತಾಡುವುದು ದೂರು ಅನಿಸುವುದಿಲ್ಲ.

ಪುಟ ತುಂಬಾ ಜಟಿಲವಾಗಿದ್ದರೆ ಮೇಲ್ ಬಿಡಿ. 25 ನಿಮಿಷ ಜೊತೆಗೆ ಕೂತು, ಪುಟ ತೆರೆದು, ಅಲ್ಲೇ ತಿದ್ದಿ. ಎರಡು ವಾರ ಹಿಡಿಯುತ್ತಿದ್ದ ಮೇಲ್ ಓಡಾಟ ಅಷ್ಟರಲ್ಲೇ ಮುಗಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೆಜ್ಜೆ 8: ದಿಢೀರ್ ಕೆಲಸಕ್ಕೆ ಬಾಗಿಲು ಒಂದೇ ಇರಲಿ

ಸಪೋರ್ಟ್ ತಂಡಕ್ಕೆ ತುರ್ತು ಪುಟ ಬೇಕು, ಮಾರಾಟದವರಿಗೆ ಒಂದು ಪ್ಯಾರಾ ಬೇಕು. ಇವು ನಿಲ್ಲುವುದಿಲ್ಲ, ನಿಲ್ಲಲೂಬಾರದು. ವಾರಕ್ಕೊಬ್ಬ ಬರಹಗಾರರು ಸರದಿಯಂತೆ ಇವಕ್ಕೆ ಜವಾಬ್ದಾರರಾಗಿರಲಿ. ಆ ವಾರ ಅವರು ಬೇರೆ ದೊಡ್ಡ ಕೆಲಸ ಹಿಡಿಯುವುದು ಬೇಡ. ಉಳಿದವರಿಗೆ ಯಾರೇ ಬಂದು ಕೇಳಿದರೂ "ಈ ವಾರ ಅವರನ್ನು ಕೇಳಿ" ಅಂತ ಹೇಳುವ ಹಕ್ಕು ಇರಲಿ. ದಿಢೀರ್ ಕೆಲಸ ಇಲ್ಲದ ದಿನ ಸರದಿಯಲ್ಲಿರುವವರು ಹಳೆಯ ಪುಟಗಳ ದುರಸ್ತಿ ಮಾಡಲಿ.

ಇಬ್ಬರೇ ಇರುವ ತಂಡಕ್ಕೆ ಸರದಿ ಕಷ್ಟ. ಆಗ ವಾರದಲ್ಲಿ ಒಂದು ದಿನದಷ್ಟು ಸಮಯವನ್ನು ಯಾವ ಕೆಲಸಕ್ಕೂ ಮೀಸಲಿಡದೆ ಖಾಲಿ ಬಿಡಿ. ಪೂರ್ತಿ ತುಂಬಿಸಿದ ವಾರದಲ್ಲಿ ಒಂದೇ ಒಂದು ತುರ್ತು ಬಂದರೂ ಎಲ್ಲವೂ ಹಿಂದೆ ಬೀಳುತ್ತದೆ.

ಹೆಜ್ಜೆ 9: ಟೂಲ್ ಕೊನೆಗೆ

ಕೋಡ್ ಇಟ್ಟ ಹಾಗೇ ಬರಹವನ್ನೂ ಇಟ್ಟುಕೊಳ್ಳುವ ರೀತಿ ಈಗ ಚೆನ್ನಾಗಿ ಬೇರೂರಿದೆ. 2004ರಲ್ಲಿ ಬಂದ ಮಾರ್ಕ್‌ಡೌನ್ ಅನ್ನುವ ಸರಳ ಗುರುತು ಪದ್ಧತಿಯಲ್ಲಿ ಬರೆಯುವುದು, ಬದಲಾವಣೆಗಳ ಇತಿಹಾಸ ಇಡುವ, 2005ರಲ್ಲಿ ಬಂದ ಗಿಟ್‌ನಲ್ಲಿ ಇಡುವುದು, ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಮೂಲಕ ರಿವ್ಯೂ ಮಾಡುವುದು, ಪೈಥಾನ್ ದಾಖಲೆಗಾಗಿ ಹುಟ್ಟಿದ ಸ್ಫಿಂಕ್ಸ್‌ನಂಥ ಟೂಲ್‌ನಿಂದ ವೆಬ್ ಪುಟ ಮಾಡುವುದು. ಶೈಲಿ ತಪ್ಪುಗಳನ್ನು ವೇಲ್‌ನಂಥ ಟೂಲ್ ತಾನೇ ಹಿಡಿಯುತ್ತದೆ, ಮುರಿದ ಕೊಂಡಿ ಹುಡುಕುವ ಟೂಲ್‌ಗಳೂ ಇವೆ. ಯಂತ್ರ ಹಿಡಿಯಬಹುದಾದ ತಪ್ಪಿಗೆ ಮನುಷ್ಯರ ರಿವ್ಯೂ ಸಮಯ ಖರ್ಚಾಗಬಾರದು. ಇಂಜಿನಿಯರ್‌ಗಳು ತಮ್ಮ ಜಾಗದಲ್ಲೇ ಪುಟ ನೋಡಬಹುದು ಅನ್ನುವುದು ದೊಡ್ಡ ಲಾಭ.

ಆದರೆ ಈಗಿರುವ ವಿಕಿಯಲ್ಲಿ ಮೂರು ಜನ ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಹೆಜ್ಜೆ 1ರ ಲೆಕ್ಕದಲ್ಲಿ ಟೂಲ್‌ನಿಂದ ಎಷ್ಟು ದಿನ ಹೋಗಿದೆ ಅಂತ ನೋಡಿ. ನಮ್ಮ ಆ 19 ದಿನದಲ್ಲಿ ಟೂಲ್‌ನ ಪಾಲು ಸೊನ್ನೆ. ಹಾಗೇ ಸ್ವಂತ ಶೈಲಿ ಕೈಪಿಡಿ ಬರೆಯಲು ತಿಂಗಳುಗಟ್ಟಲೆ ಕೂರಬೇಡಿ. ಇಂಗ್ಲಿಷ್‌ನಲ್ಲಿ ಬರೆಯುವ ತಂಡಕ್ಕೆ ಗೂಗಲ್ ಮತ್ತು ಮೈಕ್ರೋಸಾಫ್ಟ್ ಶೈಲಿ ಕೈಪಿಡಿಗಳು ಉಚಿತವಾಗಿ ಸಿಗುತ್ತವೆ. ಒಂದನ್ನು ಆರಿಸಿ, ನಿಮ್ಮ ವ್ಯತ್ಯಾಸಗಳನ್ನು ಎರಡು ಪುಟದಲ್ಲಿ ಬರೆದಿಡಿ.

ಹೆಜ್ಜೆ 10: ಎರಡು ವಾರಕ್ಕೊಮ್ಮೆ ಒಂದೇ ಒಂದು ಬದಲಾವಣೆ

ಮೇಲಿನದ್ದೆಲ್ಲ ಒಂದೇ ಸೋಮವಾರ ಶುರು ಮಾಡಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಮೊದಲ ಎರಡು ವಾರ ಬೋರ್ಡ್ ಮಾತ್ರ. ಮುಂದಿನ ಎರಡು ವಾರ ರಿವ್ಯೂ ಕೇಳುವ ಹೊಸ ರೀತಿ. ಆಮೇಲೆ ಕೆಲಸದ ಮಿತಿ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಒಂದೇ ಪ್ರಶ್ನೆ ಕೇಳಿ: ಈ ಸಲ ಯಾವ ಕಾರ್ಡ್ ಜಾಸ್ತಿ ದಿನ ನಿಂತಿತ್ತು, ಯಾಕೆ? ಉತ್ತರದಲ್ಲಿ ವ್ಯಕ್ತಿಯ ಹೆಸರು ಬಂದರೆ ಇನ್ನೊಮ್ಮೆ ಕೇಳಿ. ಅವರ ಕೈ ಕಟ್ಟಿದ್ದು ಏನು ಅಂತ ಸಿಗುವವರೆಗೆ ಕೇಳಿ.

ಎಷ್ಟು ಪುಟ ಬರೆದಿರಿ ಅಂತ ಅಳೆಯಬೇಡಿ. ಪುಟ ಎಣಿಸಿದರೆ ಪುಟಗಳು ಹೆಚ್ಚುತ್ತವೆ, ಓದುಗನ ಕಷ್ಟ ಹಾಗೇ ಉಳಿಯುತ್ತದೆ. ಕಾಯುವ ದಿನಗಳನ್ನು ಅಳೆಯಿರಿ. ಪ್ರಕಟವಾದ ಮೇಲೆ ಸಿಕ್ಕ ವಿಷಯದ ತಪ್ಪುಗಳನ್ನು ಎಣಿಸಿ. ಸಪೋರ್ಟ್‌ಗೆ ಬರುವ ಒಂದೇ ತರಹದ ಪ್ರಶ್ನೆ ಪುಟ ಬಂದ ಮೇಲೆ ಕಡಿಮೆ ಆಯಿತೇ ಅಂತ ಅವರನ್ನೇ ಕೇಳಿ.

ಆರು ವಾರ ಕಳೆದ ಮೇಲೆ ಹೆಜ್ಜೆ 1ರ ಹಾಳೆ ತೆಗೆದು, ಹೊಸದಾಗಿ ಮುಗಿದ ಐದು ಪುಟಗಳ ದಿನಾಂಕ ಪಕ್ಕದಲ್ಲಿ ಬರೆಯಿರಿ. ರಿವ್ಯೂಗೆ ಕಾದ ದಿನ ಇಳಿದಿರಬೇಕು. ಇಳಿಯದಿದ್ದರೆ ಹೊಸ ನಿಯಮ ಸೇರಿಸುವ ಮುಂಚೆ ಕಳಿಸಿದ ಐದು ರಿವ್ಯೂ ಮೇಲ್‌ಗಳನ್ನು ತೆರೆದು ಓದಿ. ಒಬ್ಬರ ಹೆಸರಿಗೆ ಹೋಗಿದೆಯೇ, ಪ್ರಶ್ನೆ ಇದೆಯೇ, ದಿನ ಇದೆಯೇ ಅಂತ ನೋಡಿ. ನಮ್ಮಲ್ಲಿ ಮೊದಲ ಸಲ ನೋಡಿದಾಗ ಐದರಲ್ಲಿ ಮೂರು ಮೇಲ್ ಹಳೆಯ ರೀತಿಯಲ್ಲೇ, ಆರು ಜನಕ್ಕೆ, "ಅಭಿಪ್ರಾಯ ತಿಳಿಸಿ" ಅಂತಲೇ ಹೋಗಿದ್ದವು. ಮುಂದಿನ ಎರಡು ವಾರ ಆ ಮೇಲ್ ಒಂದನ್ನೇ ಸರಿ ಮಾಡಿದೆವು.